ಚಂದಾ ಎತ್ತಿ ಕಟ್ಟಿದ ಅರಮನೆ

ಲಂಡನ್ನಿನ ಟ್ರಫಾಲ್ಗರ್ ಚೌಕದ ಜನಜಂಗುಳಿ ದಾಟಿ ಐದಾರು ನಿಮಿಷ ಪಶ್ಚಿಮಕ್ಕೆ ನಡೆದರೆ ಪಾಲ್ ಮಾಲ್ ಎಂಬ ಬೀದಿ ಸಿಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಊರಿನ ಗದ್ದಲ ತಗ್ಗಿರುತ್ತದೆ. ರಸ್ತೆಯ ದಕ್ಷಿಣಕ್ಕೆ ಕಲ್ಲಿನ ದೊಡ್ಡ ದೊಡ್ಡ ಸೌಧಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಸಂಜೆ ದೀಪ ಹಚ್ಚುವ ಹೊತ್ತು. ಎತ್ತರದ ಕಿಟಕಿಗಳಲ್ಲಿ ತೂಗುದೀಪದ ಬೆಳಕು, ಚಿನ್ನದ ಬಣ್ಣದ ಚೌಕಟ್ಟಿನ ಒಂದು ಅಂಚು, ಚಾವಣಿಯ ಚಿತ್ತಾರದ ಒಂದು ತುಣುಕು ಕಾಣುತ್ತವೆ. ಸೂಟು ತೊಟ್ಟವರೊಬ್ಬರು ಕೊಡೆ ಮಡಚಿ ಮೆಟ್ಟಿಲು ಹತ್ತುತ್ತಾರೆ. ಬಾಗಿಲು ತೆರೆದುಕೊಳ್ಳುತ್ತದೆ, ಮರುಕ್ಷಣವೇ ಮುಚ್ಚುತ್ತದೆ.

ರಸ್ತೆಯಲ್ಲಿ ನಿಂತವರಿಗೆ ಇದು ಯಾರ ಮನೆ ಎಂದು ತಿಳಿಯುವುದಿಲ್ಲ. ಹೋಟೆಲ್ ಎನ್ನಲು ದೊಡ್ಡ ಫಲಕವಿಲ್ಲ, ಮ್ಯೂಸಿಯಂ ಎನ್ನಲು ಟಿಕೆಟ್ ಕೌಂಟರ್ ಇಲ್ಲ. ಯಾವ ರಾಜನೂ ಯಾವ ಶ್ರೀಮಂತನೂ ಇಲ್ಲಿ ಸಂಸಾರ ಹೂಡಿದವರಲ್ಲ. 104ನೇ ನಂಬರಿನ ಈ ಸೌಧ ರಿಫಾರ್ಮ್ ಕ್ಲಬ್. ಸದಸ್ಯರು ತಲಾ ಇಷ್ಟೆಂದು ಹಣ ಹಾಕಿ ತಮಗಾಗಿ ಕಟ್ಟಿಕೊಂಡ ಅರಮನೆ.

ನಮ್ಮಲ್ಲಿ ಅನೇಕರು ಈ ಕ್ಲಬ್ಬಿನ ಹೆಸರನ್ನು ಶಾಲೆಯಲ್ಲೇ ಕೇಳಿದ್ದೇವೆ, ಆದರೆ ಮರೆತಿದ್ದೇವೆ. ಫ್ರೆಂಚ್ ಲೇಖಕ ಜೂಲ್ಸ್ ವೆರ್ನ್ ಬರೆದ, ಎಂಬತ್ತು ದಿನಗಳಲ್ಲಿ ಭೂಮಿ ಸುತ್ತುವ ಕಾದಂಬರಿಯ ನಾಯಕ ಫಿಲಿಯಾಸ್ ಫಾಗ್ ಇಸ್ಪೀಟು ಆಡುತ್ತಾ ಇಪ್ಪತ್ತು ಸಾವಿರ ಪೌಂಡ್ ಪಣ ಕಟ್ಟುವುದು ಇದೇ ಕ್ಲಬ್ಬಿನಲ್ಲಿ. 1872ರ ಅಕ್ಟೋಬರ್ 2ರಂದು ಹೊರಟ ಅವನು ಮುಂಬೈಯಲ್ಲಿಳಿದು, ಕೋಲ್ಕತ್ತದವರೆಗೆ ನಮ್ಮ ದೇಶವನ್ನು ಅಡ್ಡಹಾಯ್ದು, ಡಿಸೆಂಬರ್ 21ರ ರಾತ್ರಿ ಮತ್ತೆ ಇದೇ ಕೋಣೆಗೆ ಕಾಲಿಡುತ್ತಾನೆ. ಜೇಮ್ಸ್ ಬಾಂಡ್ ಕಥೆಯ ‘ಡೈ ಅನದರ್ ಡೇ’ ಸಿನಿಮಾದ ಕತ್ತಿವರಸೆಯ ದೃಶ್ಯ ನೋಡಿದವರೂ ಈ ಕಂಬಗಳನ್ನು ತಮಗೆ ಗೊತ್ತಿಲ್ಲದೆಯೇ ಕಂಡಿದ್ದಾರೆ.

ಚಾಕೊಲೇಟ್ ಅಂಗಡಿಯಿಂದ ಸೌಧದವರೆಗೆ

ಲಂಡನ್ನಿನ ಕ್ಲಬ್ಬುಗಳ ಮೂಲ ಹುಡುಕಿದರೆ ಕಾಫಿ ಮತ್ತು ಬಿಸಿ ಚಾಕೊಲೇಟ್ ಮಾರುವ ಅಂಗಡಿಗಳು ಎದುರಾಗುತ್ತವೆ. ಅಲ್ಲಿನ ಅತಿ ಹಳೆಯ ಕ್ಲಬ್ ಎನಿಸಿದ ವೈಟ್ಸ್ 1693ರಲ್ಲಿ ಒಬ್ಬ ಇಟಲಿಯವನು ತೆರೆದ ಚಾಕೊಲೇಟ್ ಅಂಗಡಿ. ದಿನವೂ ಬರುವ ಗಿರಾಕಿಗಳು ಸುದ್ದಿ ಓದುತ್ತಾ, ರಾಜಕೀಯ ಮಾತಾಡುತ್ತಾ, ಜೂಜಾಡುತ್ತಾ ಕೂರುತ್ತಿದ್ದರು. ಬರಬರುತ್ತಾ ಕಂಡಕಂಡವರು ಒಳಬರುವುದು ಬೇಡ ಅನ್ನಿಸಿ ಕೋಣೆಯನ್ನು ತಮಗಷ್ಟೇ ಮೀಸಲು ಮಾಡಿಕೊಂಡರು. ಅಂಗಡಿ ಕ್ಲಬ್ಬಾದದ್ದು ಹೀಗೆ.

ನೆಪೋಲಿಯನ್ ಯುದ್ಧಗಳು 1815ರಲ್ಲಿ ಮುಗಿದಾಗ ದಂಡಿನ ಅಧಿಕಾರಿಗಳು ಗುಂಪುಗುಂಪಾಗಿ ಲಂಡನ್ನಿಗೆ ಮರಳಿದರು. ಕೈಯಲ್ಲಿ ಅರ್ಧ ಸಂಬಳ, ತಲೆಯಲ್ಲಿ ದೊಡ್ಡ ಅಂತಸ್ತಿನ ಅಭ್ಯಾಸ. ಅವರಿಗಾಗಿ ಯುನೈಟೆಡ್ ಸರ್ವೀಸ್ ಕ್ಲಬ್ ಹುಟ್ಟಿತು. ಅದರ ಬೆನ್ನಿಗೇ ದೇಶ ಸುತ್ತಿದವರಿಗಾಗಿ 1819ರಲ್ಲಿ ಟ್ರಾವೆಲರ್ಸ್, ಬರೆಯುವವರಿಗೂ ವಿಜ್ಞಾನಿಗಳಿಗೂ 1824ರಲ್ಲಿ ಅಥೀನಿಯಂ. ಈ ಎರಡೂ ಇಂದಿಗೂ ರಿಫಾರ್ಮ್ ಕ್ಲಬ್ಬಿನ ನೆರೆಮನೆಗಳು.

ಇದರ ಹಿಂದಿನ ಲೆಕ್ಕಾಚಾರ ಸರಳ. ಒಬ್ಬ ವಕೀಲನೋ ಕ್ಯಾಪ್ಟನ್ನೋ ಒಬ್ಬಂಟಿಯಾಗಿ ಅರಮನೆ ಕಟ್ಟಲಾರ. ಒಳ್ಳೆಯ ಬಾಣಸಿಗ, ಸಾವಿರಾರು ಪುಸ್ತಕ, ಹತ್ತಾರು ಆಳುಕಾಳು ಅವನ ಕೈಗೆಟುಕುವ ಮಾತಲ್ಲ. ನೂರಾರು ಜನ ಪ್ರವೇಶ ಶುಲ್ಕವನ್ನೂ ವರ್ಷದ ಚಂದಾವನ್ನೂ ಕೂಡಿಸಿದರೆ ಅಷ್ಟೂ ಎಲ್ಲರಿಗೂ ದಕ್ಕುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆಗಿಷ್ಟು ಎಂದು ಎತ್ತಿ ಗುಡಿಯ ಗೋಪುರ ಎಬ್ಬಿಸುವುದಿಲ್ಲವೇ, ಅದೇ ರೀತಿ. ಗುಡಿಯಲ್ಲಿ ದೇವರಿಗೆ ಸಲ್ಲುವ ವೈಭೋಗವನ್ನು ಇವರು ತಮಗೇ ಸಲ್ಲಿಸಿಕೊಂಡರು.

ಪಕ್ಷಕ್ಕೊಂದು ಮನೆ

ರಿಫಾರ್ಮ್ ಎಂಬ ಹೆಸರಿಗೆ ಕಾರಣ 1832ರ ಸುಧಾರಣಾ ಕಾಯ್ದೆ. ಇಂಗ್ಲೆಂಡಿನಲ್ಲಿ ಮತದಾನದ ಹಕ್ಕನ್ನು ಒಂದಿಷ್ಟು ಹಿಗ್ಗಿಸಿದ, ಬೆಳೆಯುತ್ತಿದ್ದ ಕೈಗಾರಿಕಾ ಊರುಗಳಿಗೆ ಸಂಸತ್ತಿನಲ್ಲಿ ಸೀಟು ಕೊಟ್ಟ ಕಾನೂನು ಅದು. ಅದನ್ನು ವಿರೋಧಿಸಿದ ಟೋರಿ ಪಕ್ಷದವರು ಅದೇ ವರ್ಷ ಕಾರ್ಲ್‌ಟನ್ ಕ್ಲಬ್ ಕಟ್ಟಿಕೊಂಡು ಒಗ್ಗೂಡಿದರು. ಸುಧಾರಣೆಯ ಪರ ಇದ್ದವರು ಅದಕ್ಕೆ ಉತ್ತರವಾಗಿ 1836ರಲ್ಲಿ ರಿಫಾರ್ಮ್ ಕ್ಲಬ್ ಸ್ಥಾಪಿಸಿದರು. ಕಾಯ್ದೆಗೆ ಬೆಂಬಲ ಕೊಡುವವರಿಗಷ್ಟೇ ಸದಸ್ಯತ್ವ.

ರಾಜಕೀಯ ಪಕ್ಷಗಳಿಗೆ ಇಂದಿನಂತೆ ಕಚೇರಿ, ಪದಾಧಿಕಾರಿ, ಕಾರ್ಯಕರ್ತರ ಪಟ್ಟಿ ಇರದಿದ್ದ ಕಾಲವದು. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರ ಮತ ಎತ್ತ ಎಂಬುದೆಲ್ಲ ಊಟದ ಮೇಜಿನಲ್ಲೇ ಇತ್ಯರ್ಥವಾಗುತ್ತಿತ್ತು. ಪಾಮರ್‌ಸ್ಟನ್, ಗ್ಲ್ಯಾಡ್‌ಸ್ಟನ್‌ರಂಥ ಪ್ರಧಾನಿಗಳು ಇಲ್ಲಿಯ ಸದಸ್ಯರಾಗಿದ್ದರು. ಇಂದು ಕ್ಲಬ್ಬಿಗೆ ಯಾವ ಪಕ್ಷದ ನಂಟೂ ಇಲ್ಲ.

ಮಳೆಗೆ ಮುಚ್ಚಿದ ತೊಟ್ಟಿ

ಕಟ್ಟಡದ ಹೊಣೆ ಹೊತ್ತವರು ಚಾರ್ಲ್ಸ್ ಬ್ಯಾರಿ. ಬೆಂಕಿಗೆ ಆಹುತಿಯಾದ ಬ್ರಿಟನ್ನಿನ ಸಂಸತ್ ಭವನವನ್ನು ಹೊಸದಾಗಿ ಕಟ್ಟುವ ಕೆಲಸ ಗೆದ್ದಿದ್ದವರೂ ಇವರೇ. ಅಲ್ಲಿ ಮುಗಿಲಿಗೆ ಚುಚ್ಚುವ ಗೋಥಿಕ್ ಶಿಖರಗಳನ್ನು ಬಿಡಿಸುತ್ತಿದ್ದ ಕೈ ಇಲ್ಲಿ ಇಟಲಿಯ ಕಡೆ ತಿರುಗಿತು. ರೋಮಿನ ಫಾರ್ನೇಸೆ ಅರಮನೆ ಅವರ ಮುಂದಿದ್ದ ಮಾದರಿ. ಮೈಕೆಲಾಂಜೆಲೊ ಕೈಯಾಡಿಸಿದ ಕಟ್ಟಡ ಅದು. ಮಟ್ಟಸವಾದ ಕಲ್ಲಿನ ಮುಖ, ಒಂದೇ ಅಳತೆಯಲ್ಲಿ ಸಾಲುಗಟ್ಟಿದ ಕಿಟಕಿಗಳು, ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಭಾರಿ ಅಂಚು. ಹೊರಗಡೆ ಇದಕ್ಕಿಂತ ಹೆಚ್ಚಿನ ಆಡಂಬರವಿಲ್ಲ. 1841ರಲ್ಲಿ ಬಾಗಿಲು ತೆರೆಯಿತು.

ವೈಭವವೆಲ್ಲ ಒಳಗಿದೆ. ಬಾಗಿಲಲ್ಲಿ ಹೆಸರು ಹೇಳಿ, ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ ಮೇಲೆ ಬಂದವರಿಗೆ ತಟ್ಟನೆ ಎದುರಾಗುವುದು ನಡುಮನೆ. ಎರಡು ಅಂತಸ್ತಿನ ಎತ್ತರ, ಸುತ್ತಲೂ ಕಂಬಗಳ ಪಡಸಾಲೆ, ಅದರ ಮೇಲೆ ಮತ್ತೊಂದು ಪಡಸಾಲೆ, ಕಾಲಡಿಯಲ್ಲಿ ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳನ್ನು ಕೂಡಿಸಿದ ನೆಲ, ತಲೆಯ ಮೇಲೆ ಗಾಜಿನ ಮಾಡು. ಗೋಡೆಗಳಲ್ಲಿ ಸುಧಾರಣಾ ಕಾಲದ ನಾಯಕರ ಆಳೆತ್ತರದ ಚಿತ್ರಗಳು.

ತೊಟ್ಟಿಮನೆ ಕಂಡವರಿಗೆ ಇದರ ವಿನ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಇಟಲಿಯ ಅರಮನೆಗಳೂ ನಡುವೆ ಆಕಾಶಕ್ಕೆ ತೆರೆದ ಅಂಗಳ ಬಿಟ್ಟು ಸುತ್ತ ಮನೆ ಕಟ್ಟುತ್ತಿದ್ದವು. ಬ್ಯಾರಿ ಮೊದಲು ಹಾಕಿದ ನಕ್ಷೆಯಲ್ಲೂ ಅಂಗಳ ತೆರೆದೇ ಇತ್ತು. ರೋಮಿನ ಬಿಸಿಲಿಗೆ ಅದು ಸರಿ. ಲಂಡನ್ನಿನ ಜಡಿಮಳೆಗೂ ಚಳಿಗೂ ಒಗ್ಗುವುದು ಹೇಗೆ? ಕೊನೆಗೆ ಮೇಲೆ ಗಾಜು ಹೊದಿಸಿದರು. ಇಡೀ ಕ್ಲಬ್ಬಿನ ಅತಿ ಚೆಲುವಾದ ಜಾಗ ಹುಟ್ಟಿದ್ದು ಹವಾಮಾನಕ್ಕೆ ತಲೆಬಾಗಿದ್ದರಿಂದ. ಸೋಸಿ ಬರುವ ಬೆಳಕು ಕಂಬಗಳ ಹಳದಿ ಮೈಮೇಲೆ ಜಾರುತ್ತಾ ಬಂದು ನೆಲ ಮುಟ್ಟುತ್ತದೆ. ಬಿಸಿಲಿಲ್ಲದ ದೇಶದಲ್ಲಿ ಬಿಸಿಲಿನ ಬಣ್ಣವನ್ನು ಕಂಬಕ್ಕೆ ಬಳಿದ ಈ ಯೋಚನೆ ನನಗೆ ಬಹಳ ಹಿಡಿಸುತ್ತದೆ.

ಆ ಕಂಬಗಳು ಅಮೃತಶಿಲೆಯಂತೆ ಕಾಣುತ್ತವೆ, ಆದರೆ ಅಮೃತಶಿಲೆಯಲ್ಲ. ಜಿಪ್ಸಂ ಪುಡಿಗೆ ಅಂಟು, ಬಣ್ಣ ಕಲಸಿ, ಮೆತ್ತಿ, ಒಣಗಿದ ಮೇಲೆ ಉಜ್ಜಿ ಉಜ್ಜಿ ಹೊಳಪು ತರಿಸುವ ಸ್ಕಾಲಿಯೋಲಾ ಎಂಬ ಇಟಲಿಯ ಗಾರೆಗೆಲಸ. ಕಲ್ಲಿನೊಳಗೆ ಹರಿಯುವ ಗೆರೆಗಳನ್ನೂ ಕೈಯಿಂದಲೇ ಮೂಡಿಸುತ್ತಾರೆ. ಕಲ್ಲು ಅಗೆದು ತರುವುದಕ್ಕಿಂತ ಇದರಲ್ಲಿ ಕುಶಲಕರ್ಮಿಯ ಶ್ರಮ ಹೆಚ್ಚು ಎಂದರೆ ತಪ್ಪಾಗದು.

ತೋಟದ ಕಡೆಗೆ ಉದ್ದಕ್ಕೂ ಚಾಚಿದ ಊಟದ ಹಾಲ್ ಇದೆ. ಅದನ್ನು ಇಂದಿಗೂ ‘ಕಾಫಿ ರೂಮ್’ ಎಂದೇ ಕರೆಯುತ್ತಾರೆ. ಕಾಫಿ ಅಂಗಡಿಯ ನೆನಪು ಹೆಸರಿನಲ್ಲಿ ಹೀಗೆ ಉಳಿದುಕೊಂಡಿದೆ. ಮೇಲೆ ಗ್ರಂಥಾಲಯ, ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಪುಸ್ತಕಗಳು. ಇನ್ನೂ ಮೇಲೆ ಮಲಗುವ ಕೋಣೆಗಳು. ಕಾದಂಬರಿಕಾರ ಹೆನ್ರಿ ಜೇಮ್ಸ್ ಅಂಥದೊಂದನ್ನು ವರ್ಷಗಟ್ಟಲೆ ತಮ್ಮದಾಗಿ ಇಟ್ಟುಕೊಂಡಿದ್ದರು.

ಹನ್ನೆರಡು ಮೂಲೆಯ ಮೇಜು

ಈ ಕ್ಲಬ್ಬಿನಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ನೆಲಮಾಳಿಗೆಯ ಅಡುಗೆಮನೆಯಲ್ಲಿ. ಅದನ್ನು ರೂಪಿಸಿದವರು ಅಲೆಕ್ಸಿ ಸೋಯರ್ ಎಂಬ ಫ್ರೆಂಚ್ ಬಾಣಸಿಗ. 1837ರಲ್ಲಿ ಇಪ್ಪತ್ತೇಳರ ಹರೆಯದಲ್ಲಿ ಕೆಲಸಕ್ಕೆ ಸೇರಿ, ಬ್ಯಾರಿಯವರ ಜತೆ ಕೂತು ತಮ್ಮ ಅಡುಗೆಮನೆಯ ನಕ್ಷೆ ಹಾಕಿಸಿದರು. ಬಾಣಸಿಗನ ಮಾತಿಗೆ ವಾಸ್ತುಶಿಲ್ಪಿ ಕಿವಿಗೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಇದ್ದಿಲು, ಕಲ್ಲಿದ್ದಲ ಹೊಗೆಯಲ್ಲಿ ಬಾಣಸಿಗರು ಕೆಮ್ಮುತ್ತಾ ಬೇಯುತ್ತಿದ್ದ ದಿನಗಳವು. ಸೋಯರ್ ಗ್ಯಾಸಿನ ಒಲೆ ತಂದರು, ಉರಿಯನ್ನು ಬೇಕಾದಷ್ಟೇ ಇಟ್ಟುಕೊಳ್ಳುವ ಅನುಕೂಲ ಮಾಡಿದರು. ಮೀನು ಮಾಂಸ ಕೆಡದಂತೆ ತಣ್ಣೀರು, ಮಂಜುಗಡ್ಡೆಯಿಂದ ತಂಪಾಗಿರುವ ಗೂಡುಗಳನ್ನು ಕಟ್ಟಿಸಿದರು. ಕೆಳಗೆ ಒಂದು ಉಗಿಯಂತ್ರ. ನೀರೆತ್ತುವುದಕ್ಕೂ ಕಟ್ಟಡಕ್ಕೆ ಗಾಳಿ ಊದುವುದಕ್ಕೂ ಅದೇ.

ನಟ್ಟನಡುವೆ ಎಲ್ಮ್ ಮರದ ದೊಡ್ಡದೊಂದು ಮೇಜು. ಅದಕ್ಕೆ ಹನ್ನೆರಡು ಮುಖ. ಚಾವಣಿ ಹೊತ್ತ ಎರಡು ಕಂಬಗಳು ಆ ಮೇಜನ್ನು ತೂರಿಕೊಂಡೇ ಮೇಲೆ ಹೋಗುತ್ತಿದ್ದವು. ಬೇರೆಯವರಾಗಿದ್ದರೆ ಕಂಬ ಅಡ್ಡ ಎಂದು ಗೊಣಗುತ್ತಿದ್ದರು. ಸೋಯರ್ ಆ ಕಂಬಗಳಿಗೇ ಚಿಕ್ಕ ಚಿಕ್ಕ ಡಬ್ಬಿಗಳನ್ನು ಸುತ್ತಲೂ ಜೋಡಿಸಿ ಉಪ್ಪು, ಮಸಾಲೆ, ಹೆಚ್ಚಿದ ಸೊಪ್ಪು ಎಲ್ಲ ಅಲ್ಲೇ ಸಿಗುವಂತೆ ಮಾಡಿದರು. ಮೇಜಿನ ಯಾವ ಮುಖಕ್ಕೆ ನಿಂತವನಿಗೂ ಒಗ್ಗರಣೆ ಡಬ್ಬಿ ಕೈಯಳತೆಯಲ್ಲಿ. ಅಡುಗೆಮನೆಯಲ್ಲಿ ದಿನವಿಡೀ ನಿಂತವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಈ ಅಡುಗೆಮನೆ ನೋಡಲೆಂದೇ ಜನ ಬರತೊಡಗಿದರು. ಸೋಯರ್ ತಾವೇ ನಿಂತು ತೋರಿಸುತ್ತಿದ್ದರು. ಅಡುಗೆಮನೆಯ ಚಿತ್ರ ಅಚ್ಚಾಗಿ ಮಾರಾಟವಾಯಿತು. 1846ರ ಜುಲೈನಲ್ಲಿ ಈಜಿಪ್ಟಿನ ಇಬ್ರಾಹಿಂ ಪಾಷಾ ಗೌರವಾರ್ಥ 150 ಜನರಿಗೆ ಇಲ್ಲಿ ಔತಣ ನಡೆದಾಗ, ಪಿರಮಿಡ್ಡಿನ ಆಕಾರದ ಸಿಹಿತಿಂಡಿ ಮೇಜಿಗೆ ಬಂತು.

ಮರುವರ್ಷ ಇದೇ ಮನುಷ್ಯ ಐರ್ಲೆಂಡಿನಲ್ಲಿದ್ದರು. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುತ್ತಿದ್ದ ಕಾಲ. 1847ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಅವರು ತೆರೆದ ಗಂಜಿಕೇಂದ್ರದಲ್ಲಿ ಒಂದು ಪಂಕ್ತಿಗೆ ನೂರು ಜನ. ಗಂಟೆ ಬಾರಿಸಿದರೆ ಒಂದು ಸಾಲು ಒಳಗೆ, ಮತ್ತೊಮ್ಮೆ ಬಾರಿಸಿದರೆ ಮುಂದಿನ ಸಾಲು. ದಿನಕ್ಕೆ ಸಾವಿರಾರು ಜನರ ಹೊಟ್ಟೆಗೆ ಬಿಸಿ ಸೂಪು ಬಿತ್ತು. ಮುಂದೆ ಕ್ರಿಮಿಯಾ ಯುದ್ಧಕ್ಕೆ ಹೋಗಿ ದಂಡಿನ ಆಸ್ಪತ್ರೆಗಳ ಅಡುಗೆಯನ್ನು ತಿದ್ದಿದರು. ಅವರು ಸೈನಿಕರಿಗಾಗಿ ರೂಪಿಸಿದ ಒಲೆ ಬ್ರಿಟಿಷ್ ಸೇನೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು. ಪಾಲ್ ಮಾಲ್‌ನಲ್ಲಿ ಶ್ರೀಮಂತರ ನಾಲಿಗೆಗಾಗಿ ಕಲಿತ ವಿದ್ಯೆ ಹಸಿದವರ ಹೊಟ್ಟೆಗೆ ಒದಗಿತು. ಕ್ಲಬ್ಬಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಮ್ಮೆ ನನಗೆ ಕಾಣುವುದಿಲ್ಲ.

ಕರಿ ಗೋಲಿ, ಬಿಳಿ ಗೋಲಿ

ಹಣ ಇದ್ದ ಮಾತ್ರಕ್ಕೆ ಕ್ಲಬ್ಬಿನ ಸದಸ್ಯತ್ವ ಸಿಗುವುದಿಲ್ಲ. ಒಬ್ಬ ಸದಸ್ಯ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಆಮೇಲೆ ಸರದಿ ಕಾಯಬೇಕು. ಹಿಂದೆ ಮತ ಹಾಕುತ್ತಿದ್ದದ್ದು ಗೋಲಿಗಳಿಂದ. ಮರದ ಪೆಟ್ಟಿಗೆಯ ತೂತಿನೊಳಗೆ ಕೈ ತೂರಿಸಿ ಒಪ್ಪಿಗೆಯಾದರೆ ಬಿಳಿ ಗೋಲಿ, ಬೇಡವಾದರೆ ಕರಿ ಗೋಲಿ ಹಾಕುವುದು. ಯಾರು ಏನು ಹಾಕಿದರೆಂದು ಪಕ್ಕದವನಿಗೂ ತಿಳಿಯದು. ಕೆಲವು ಕ್ಲಬ್ಬುಗಳಲ್ಲಿ ಒಂದೇ ಒಂದು ಕರಿ ಗೋಲಿ ಬಿದ್ದರೂ ಬಾಗಿಲು ಮುಚ್ಚಿದಂತೆ. ಕಾರಣ ಕೇಳುವಂತಿಲ್ಲ.

1913ರಲ್ಲಿ ರಿಫಾರ್ಮ್ ಕ್ಲಬ್ಬಿನಲ್ಲಿ ಬ್ಯಾರನ್ ಡಿ ಫಾರೆಸ್ಟ್ ಎಂಬವರಿಗೆ ಹೀಗೆ ಕರಿ ಗೋಲಿ ಬಿತ್ತು. ಅವರ ಸ್ನೇಹಿತರಾದ ಇಬ್ಬರು ಸಚಿವರು ಅದನ್ನು ಪ್ರತಿಭಟಿಸಿ ಸದಸ್ಯತ್ವ ಬಿಟ್ಟು ಹೊರನಡೆದರು. ಒಬ್ಬರು ಲಾಯ್ಡ್ ಜಾರ್ಜ್, ಇನ್ನೊಬ್ಬರು ವಿನ್ಸ್‌ಟನ್ ಚರ್ಚಿಲ್. ಇಬ್ಬರೂ ಮುಂದೆ ಪ್ರಧಾನಿಗಳಾದರು.

ಹೆಂಗಸರ ಮಟ್ಟಿಗಂತೂ ಬಾಗಿಲು ಮುಚ್ಚಿಯೇ ಇತ್ತು. ಮತದ ಹಕ್ಕು ಹಿಗ್ಗಿಸಿದ ಕಾಯ್ದೆಯ ಹೆಸರು ಹೊತ್ತ ಕ್ಲಬ್ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1981ರಲ್ಲಿ. ಪಾಲ್ ಮಾಲ್ ಪರಂಪರೆಯ ಪುರುಷರ ಕ್ಲಬ್ಬುಗಳಲ್ಲಿ ಅದೇ ಮೊದಲು. ನೆರೆಯ ಅಥೀನಿಯಂ ಈ ಶತಮಾನದ ಆರಂಭದವರೆಗೆ ತಡಮಾಡಿತು. ನಟರು, ನ್ಯಾಯಾಧೀಶರು ಸೇರುವ ಗ್ಯಾರಿಕ್ ಕ್ಲಬ್ 2024ರ ಮೇ ತಿಂಗಳಲ್ಲಿ ಮತ ಹಾಕಿ ಒಪ್ಪಿತು; ನಟಿ ಜೂಡಿ ಡೆಂಚ್ ಅಲ್ಲಿಯ ಮೊದಲ ಮಹಿಳಾ ಸದಸ್ಯರಲ್ಲಿ ಒಬ್ಬರು. ವೈಟ್ಸ್ ಇಂದಿಗೂ ಗಂಡಸರದ್ದೇ.

ಬೆಂಗಳೂರಿನ ಹದಿಮೂರು ರೂಪಾಯಿ

ಪಾಲ್ ಮಾಲ್‌ನ ಈ ಪದ್ಧತಿ ಹಡಗೇರಿ ನಮ್ಮಲ್ಲಿಗೂ ಬಂತು. ದಂಡು ಬೀಡುಬಿಟ್ಟ ಬೆಂಗಳೂರಿನಲ್ಲಿ 1868ರಲ್ಲಿ ಬ್ಯಾಂಗಲೋರ್ ಯುನೈಟೆಡ್ ಸರ್ವೀಸಸ್ ಕ್ಲಬ್ ಶುರುವಾಯಿತು. ಲಂಡನ್ನಿನ ದಂಡಿನ ಕ್ಲಬ್ಬಿನ ಹೆಸರೇ ಇಲ್ಲಿಯೂ. ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ 1896ರಲ್ಲಿ ಬೆಂಗಳೂರಿಗೆ ಬಂದ ಎಳೆಯ ಅಧಿಕಾರಿ ಚರ್ಚಿಲ್ ಈ ಕ್ಲಬ್ಬಿನ ಸದಸ್ಯರಾಗಿದ್ದರು. ಊರು ಬಿಟ್ಟು ಹೋಗುವಾಗ 13 ರೂಪಾಯಿ ಬಾಕಿ ಉಳಿಸಿ ಹೋದರು. ಬಾಕಿದಾರರ ಪಟ್ಟಿಯಲ್ಲಿ ಅವರ ಹೆಸರಿರುವ 1899ರ ದಾಖಲೆ ಪುಸ್ತಕವನ್ನು ಕ್ಲಬ್ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ.

ವಸಾಹತಿನಲ್ಲಿ ಕ್ಲಬ್ಬಿನ ಬಾಗಿಲು ಇನ್ನಷ್ಟು ಗಡುಸಾಯಿತು. ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ ದಾದಾಭಾಯಿ ನವರೋಜಿಯವರನ್ನು ಸದಸ್ಯರನ್ನಾಗಿ ಒಪ್ಪಿಕೊಂಡಿತ್ತು, 1892ರಲ್ಲಿ ಅವರು ಬ್ರಿಟಿಷ್ ಸಂಸತ್ತಿಗೂ ಆಯ್ಕೆಯಾದರು. ಅದೇ ಕಾಲದಲ್ಲಿ ಭಾರತದ ನೆಲದಲ್ಲಿದ್ದ ಬ್ರಿಟಿಷರ ಕ್ಲಬ್ಬುಗಳಲ್ಲಿ ಹೆಚ್ಚಿನವು ಭಾರತೀಯರನ್ನು ಸದಸ್ಯರಾಗಿ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಬಡಿಸುವವರು ನಮ್ಮವರು, ಕುದುರೆ ಹಿಡಿಯುವವರು ನಮ್ಮವರು, ಕೂತು ಉಣ್ಣುವವರು ಮಾತ್ರ ಅವರು. ಪಂಕ್ತಿಭೇದ ಎಂಬ ಪದ ನಮಗೆ ಚೆನ್ನಾಗಿ ಗೊತ್ತು. ಅದರ ನೋವೂ ಗೊತ್ತು. ಬೆಂಗಳೂರಿನ ದಂಡಿನ ಕ್ಲಬ್ ಭಾರತೀಯ ಅಧಿಕಾರಿಗಳನ್ನು ಒಳಬಿಟ್ಟದ್ದು 1915ರಲ್ಲಿ. ಬೆಂಗಳೂರು ಕ್ಲಬ್ ಎಂಬ ಈಗಿನ ಹೆಸರು ಬಂದದ್ದು 1946ರಲ್ಲಿ.

ಮೈಸೂರು ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಬ್ಬನ್ ಪಾರ್ಕಿನ ಬಳಿ ಸೆಂಚುರಿ ಕ್ಲಬ್ ಸ್ಥಾಪಿಸಿದರು. ನಮ್ಮವರು ಕೂತು ಮಾತಾಡಲು ನಮ್ಮದೇ ಜಾಗ. ಬಾಗಿಲು ತೆರೆಯದಿದ್ದರೆ ಬೇರೆ ಮನೆ ಕಟ್ಟುವುದು ಅವರ ಸ್ವಭಾವಕ್ಕೆ ತಕ್ಕ ಉತ್ತರ.

ಉಡುಪಿನ ಕಟ್ಟಳೆ ಮಾತ್ರ ಸ್ವಾತಂತ್ರ್ಯದ ನಂತರವೂ ಉಳಿಯಿತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟುಬಂದ ಹೈಕೋರ್ಟ್ ನ್ಯಾಯಮೂರ್ತಿಯವರನ್ನೇ ತಡೆದರು. ಅದೇ ವರ್ಷ ತಮಿಳುನಾಡು ವಿಧಾನಸಭೆ ಇಂಥ ತಡೆಯನ್ನು ಕಾನೂನಿನಿಂದ ನಿಷೇಧಿಸಿತು. ಅದು ಸರಿಯಾದ ಕೆಲಸ. ಈ ನೆಲದ ಉಡುಪು ಈ ನೆಲದ ಯಾವ ಮನೆಗೂ ಅಗೌರವ ತರಲಾರದು.

ಒಳಗೆ ಹೋಗುವ ದಾರಿ

ರಿಫಾರ್ಮ್ ಕ್ಲಬ್ ನೋಡಬೇಕೆಂದರೆ ಸದಸ್ಯರೊಬ್ಬರ ಅತಿಥಿಯಾಗಿ ಹೋಗುವುದು ವಾಡಿಕೆಯ ದಾರಿ. ಗಂಡಸರಿಗೆ ಕೋಟು ಬೇಕು. ಊಟದ ಬಿಲ್ಲಿಗೆ ಅತಿಥಿ ಕೈ ಹಾಕುವಂತಿಲ್ಲ. ಅದು ಆತಿಥೇಯರ ಲೆಕ್ಕಕ್ಕೆ ಸೇರುತ್ತದೆ. ಮೊಬೈಲ್ ಹಿಡಿದು ಮಾತಾಡುತ್ತಾ ಓಡಾಡುವುದು ಸಲ್ಲದು.

ಇನ್ನೊಂದು ದಾರಿ ಎಲ್ಲರಿಗೂ ತೆರೆದಿದೆ. 1992ರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ‘ಓಪನ್ ಹೌಸ್’ ಉತ್ಸವ ನಡೆಯುತ್ತದೆ. ವರ್ಷವಿಡೀ ಮುಚ್ಚಿರುವ ನೂರಾರು ಕಟ್ಟಡಗಳು ಆ ದಿನಗಳಲ್ಲಿ ಜನರಿಗೆ ಉಚಿತವಾಗಿ ತೆರೆದುಕೊಳ್ಳುತ್ತವೆ. ಸರ್ಕಾರಿ ಕಚೇರಿ, ಬ್ಯಾಂಕು, ಖಾಸಗಿ ಮನೆ ಎಲ್ಲ ಅದರಲ್ಲಿ ಸೇರಿವೆ. ರಿಫಾರ್ಮ್ ಕ್ಲಬ್ ಕೂಡ ಈ ಉತ್ಸವದಲ್ಲಿ ಬಾಗಿಲು ತೆರೆದದ್ದುಂಟು. ಅಂದು ಶಾಲಾ ಮಕ್ಕಳೂ ಗಾಜಿನ ಮಾಡಿನ ಕೆಳಗೆ ನಿಂತು ತಲೆಯೆತ್ತಿ ನೋಡಬಹುದು.

ಕ್ಲಬ್ ಖಾಸಗಿಯಾಗಿ ಇರಲಿ, ತನ್ನ ಸದಸ್ಯರನ್ನು ತಾನೇ ಆರಿಸಿಕೊಳ್ಳಲಿ. ಆದರೆ ಶತಮಾನ ದಾಟಿದ ಕಟ್ಟಡ ಊರಿನ ನೆನಪಿನ ಪಾಲೂ ಹೌದು. ಬೆಂಗಳೂರಿನಲ್ಲಿ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಕ್ಕುರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಕ್ಲಬ್ಬುಗಳ ಆವರಣದಲ್ಲಿ ಉಳಿದಿರುವ ಹೆಂಚಿನ ಮಾಡು, ಮರದ ನೆಲ, ದೊಡ್ಡ ಮರಗಳು ಆ ಹಳೆಯ ಊರಿನ ಕೊನೆಯ ಕುರುಹುಗಳಲ್ಲಿ ಸೇರಿವೆ. ಅವುಗಳನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದ ಸದಸ್ಯರಿಗೆ ನಾಡು ಕೃತಜ್ಞವಾಗಿರಬೇಕು.

ನಮ್ಮ ಕ್ಲಬ್ಬುಗಳ ಆಡಳಿತ ಮಂಡಳಿಗಳಲ್ಲಿ ಒಂದೇ ಒಂದು ಕೋರಿಕೆ: ವರ್ಷಕ್ಕೊಂದು ಭಾನುವಾರ ಬಾಗಿಲು ತೆರೆಯಿರಿ. ಹದಿಮೂರು ರೂಪಾಯಿಯ ಆ ದಾಖಲೆ ಪುಸ್ತಕವನ್ನು ಸರ್ಕಾರಿ ಶಾಲೆಯ ಮಕ್ಕಳೂ ಬಂದು ನೋಡಲಿ.